ಹಳ್ಳಿ ಹೈಸ್ಕೂಲಿನ ಹುಡುಗಿಯನ್ನು ಓದಿಸಬೇಕು, ಹೇಗೆ?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಅಂಗಡಿ ಇದೆ. ಜಗಳೂರು ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಈಗಷ್ಟೇ ಒಂಬತ್ತಕ್ಕೆ ಬಂದಿರುವ ಹುಡುಗಿಯನ್ನು ಓದಿಸಬೇಕೆಂದಿದ್ದೇವೆ. ಅಪ್ಪ ಅಮ್ಮ ಕೂಲಿಗೆ ಹೋಗುತ್ತಾರೆ. ತಿಂಗಳಿಗೆ 1,500 ರೂಪಾಯಿ ಕೊಡಬಲ್ಲೆವು. ಆಕೆಯನ್ನು ದಾವಣಗೆರೆಯ ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿಸಿದರೆ ಒಳ್ಳೆಯದೇ? ಹಣ ಯಾರ ಕೈಗೆ ಕೊಡಬೇಕು?

ಉತ್ತರ: ಶಾಲೆ ಬದಲಿಸುವ ಯೋಚನೆ ಬಿಡಿ. ಎಂಟರವರೆಗೆ ಕನ್ನಡದಲ್ಲಿ ಗಣಿತ, ವಿಜ್ಞಾನ ಓದಿದ ಹುಡುಗಿ ಒಂಬತ್ತರಲ್ಲಿ ಮಾಧ್ಯಮ ಬದಲಿಸಿದರೆ ಎಸ್ಸೆಸ್ಸೆಲ್ಸಿಗೆ ಸಿದ್ಧವಾಗಬೇಕಾದ ಎರಡು ವರ್ಷ ಪಾರಿಭಾಷಿಕ ಪದ ಬಾಯಿಪಾಠ ಮಾಡುವುದರಲ್ಲೇ ಕಳೆದುಹೋಗುತ್ತದೆ. ಇನ್ನೊಂದು ನಷ್ಟ ಎಷ್ಟೋ ಜನರ ಗಮನಕ್ಕೇ ಬರುವುದಿಲ್ಲ. ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲೇ ಓದಿದವರಿಗೆ ಸಿಇಟಿ ಸೀಟು ಹಂಚಿಕೆಯಲ್ಲಿ ಶೇ 15 ಗ್ರಾಮೀಣ ಮೀಸಲಾತಿ ಇದೆ, ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ಕೊನೆಯ ಎರಡು ವರ್ಷ ಪೇಟೆಯ ಇಂಗ್ಲಿಷ್ ಶಾಲೆಗೆ ಕಳಿಸಿದರೆ ಎರಡೂ ಕೈಬಿಟ್ಟುಹೋಗುತ್ತವೆ. ಅದಿರಲಿ, ನಿಮ್ಮ 1,500 ರೂಪಾಯಿ ಅಲ್ಲಿನ ಫೀಸಿಗೂ ಸಾಲದು.

ಸರ್ಕಾರಿ ಶಾಲೆಯಲ್ಲಿ ಪಠ್ಯಪುಸ್ತಕ, ಸಮವಸ್ತ್ರ, ಹತ್ತರವರೆಗೆ ಮಧ್ಯಾಹ್ನದ ಬಿಸಿಯೂಟ ಸಿಗುತ್ತವೆ. ಅದಕ್ಕೆ ಮತ್ತೆ ಹಣ ಸುರಿಯಬೇಡಿ. ದಾನಿಗಳಿಗೆ ಬ್ಯಾಗು, ಬಟ್ಟೆ ಕೊಡುವುದೆಂದರೆ ಏನೋ ಪ್ರೀತಿ. ಮನೆಯಲ್ಲಿ ಮೂರು ಬ್ಯಾಗು ಇದ್ದು ನೋಟ್‌ಬುಕ್ಕೇ ಇಲ್ಲದ ಮಕ್ಕಳಿರುತ್ತಾರೆ. ಮೊದಲು ಮುಖ್ಯೋಪಾಧ್ಯಾಯರನ್ನು ಕಂಡು ನಿಜವಾಗಿ ಏನು ಕೊರತೆ ಎಂದು ಕೇಳಿ. ಸಾಮಾನ್ಯವಾಗಿ ಇಷ್ಟಿರುತ್ತದೆ. ಆರು ವಿಷಯಕ್ಕೆ ತಲಾ ಎರಡು ಲಾಂಗ್ ನೋಟ್‌ಬುಕ್, ರಫ್‌ಗೆ ಎರಡು, ಕಂಪಾಸ್ ಬಾಕ್ಸ್, ಪೆನ್ನು ಎಲ್ಲ ಸೇರಿ ವರ್ಷಕ್ಕೆ ಸುಮಾರು 1,500. ಗಣಿತ, ವಿಜ್ಞಾನದ ಟ್ಯೂಷನ್ ಊರಲ್ಲೇ ಸಿಕ್ಕರೆ ತಿಂಗಳಿಗೆ 500ರಂತೆ ಒಂಬತ್ತು ತಿಂಗಳಿಗೆ 4,500. ಬಸ್ಸು ಇನ್ನೊಂದು ಲೆಕ್ಕ. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ಇರುವುದು ಸರ್ಕಾರಿ ಬಸ್ಸಿನಲ್ಲಿ ಮಾತ್ರ. ಖಾಸಗಿ ಬಸ್ಸೇ ಗತಿಯಾದ ಊರಾದರೆ ದಿನಕ್ಕೆ 20 ರೂಪಾಯಿ ಹಿಡಿದರೂ ವರ್ಷಕ್ಕೆ 4,000 ದಾಟುತ್ತದೆ. ಬಸ್ ಚಾರ್ಜಿಗೆ ಕಾಸಿಲ್ಲದ ದಿನ ಶಾಲೆ ತಪ್ಪುತ್ತದೆ. ಹಾಗೆ ತಪ್ಪಿದ ದಿನಗಳೇ ಆಮೇಲೆ ಗಣಿತದಲ್ಲಿ ಕಾಡುತ್ತವೆ. ಒಮ್ಮೆ ಕಣ್ಣಿನ ಪರೀಕ್ಷೆಯನ್ನೂ ಮಾಡಿಸಿ. ಬೋರ್ಡಿನ ಅಕ್ಷರ ಕಾಣದೆ ಪಕ್ಕದವಳ ಪುಸ್ತಕ ನೋಡಿ ಬರೆಯುವ ಮಗುವನ್ನು ದಡ್ಡಿ ಎಂದುಕೊಳ್ಳುತ್ತಾರೆ.

ಇದೆಲ್ಲ ಸೇರಿ ವರ್ಷಕ್ಕೆ 10,000 ಆಸುಪಾಸು. ನೀವು ಕೊಡುವುದು 18,000. ಉಳಿದದ್ದನ್ನು ಈಗ ಖರ್ಚು ಮಾಡಬೇಡಿ, ಬ್ಯಾಂಕಿನಲ್ಲಿ ತಿಂಗಳಿಗೆ 700ರ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ತೆರೆಯಿರಿ. 22 ತಿಂಗಳಿಗೆ ಅಸಲೇ 15,400 ಆಗುತ್ತದೆ. ಬಡ ಮಕ್ಕಳ ಓದು ನಿಲ್ಲುವುದು ಹೆಚ್ಚಾಗಿ ಎಸ್ಸೆಸ್ಸೆಲ್ಸಿ ಫಲಿತಾಂಶದಿಂದ ಪಿಯುಸಿ ಅಥವಾ ಡಿಪ್ಲೊಮಾ ದಾಖಲಾತಿಯವರೆಗಿನ ಆ ಕೆಲವು ವಾರಗಳಲ್ಲಿ. ಫೀಸು, ಹಾಸ್ಟೆಲ್, ಪುಸ್ತಕ ಎಲ್ಲಕ್ಕೂ ಒಟ್ಟಿಗೇ ಹಣ ಬೇಕು. ಅತ್ತ ಮುಂಗಾರು ಬಿತ್ತನೆಯೂ ಅದೇ ಹೊತ್ತಿಗೆ, ಮನೆಯಲ್ಲಿ ಬಿಡಿಗಾಸಿರುವುದಿಲ್ಲ. ಹೆಣ್ಣುಮಗಳಾದರೆ ಮದುವೆ ಮಾತು ಶುರುವಾಗುವುದೂ ಆಗಲೇ. ‘ಮುಂದಿನ ಎರಡು ವರ್ಷಕ್ಕೂ ನಾವಿದ್ದೇವೆ’ ಎಂದು ಹತ್ತನೇ ತರಗತಿಯ ಜನವರಿಯಲ್ಲೇ ತಾಯಿಗೆ ಹೇಳಿಡಿ. ಆರ್‌ಡಿ ನಿಮ್ಮ ಹೆಸರಿನಲ್ಲೇ ಇರಲಿ. ಮಗುವಿನ ಹೆಸರಿನಲ್ಲಿಟ್ಟರೆ ಬೋರ್‌ವೆಲ್ಲಿಗೋ ಆಸ್ಪತ್ರೆಗೋ ಮುರಿಯಬೇಕಾಗುತ್ತದೆ, ಅದು ತಂದೆತಾಯಿಯ ತಪ್ಪೂ ಅಲ್ಲ.

ಹಣ ಕೊಡುವ ಬಗೆ: ಟ್ಯೂಷನ್ ಫೀಸು ನೇರ ಟೀಚರಿಗೆ, ನೋಟ್‌ಬುಕ್ಕು ವಸ್ತುವಾಗಿ, ಬಸ್ಸಿನ ಹಣ ಪ್ರತಿ ತಿಂಗಳ ಮೊದಲ ವಾರ ತಾಯಿಯ ಖಾತೆಗೆ. ವರ್ಷದ್ದನ್ನೆಲ್ಲ ಒಂದೇ ಗಂಟಾಗಿ ಕೊಡಬೇಡಿ. ಇದಕ್ಕೆಂದು ಮಗುವಿನ ಹೆಸರಿನಲ್ಲಿ ಹೊಸ ಖಾತೆ ತೆರೆಸುವ ಮುನ್ನ ಎಚ್ಚರ. ವಿದ್ಯಾರ್ಥಿವೇತನ ಆಧಾರ್ ಮೂಲಕ ಬರುವಾಗ, ಕೊನೆಗೆ ಯಾವ ಖಾತೆಗೆ ಎನ್‌ಪಿಸಿಐ ಜೋಡಣೆ (ಆಧಾರಿಗೆ ಬರುವ ಸರ್ಕಾರಿ ಹಣ ಯಾವ ಖಾತೆಗೆ ಎಂಬ ನೋಂದಣಿ) ಆಗಿದೆಯೋ ಅಲ್ಲಿಗೇ ಹೋಗುತ್ತದೆ. ಹೊಸ ಬ್ಯಾಂಕಿನಲ್ಲಿ ಫಾರ್ಮಿಗೆ ಸಹಿ ಹಾಕುವಾಗ ಗೊತ್ತಿಲ್ಲದೆ ಜೋಡಣೆಯೂ ಬದಲಾಗಿ, ಹಳೇ ಪಾಸ್‌ಬುಕ್ ಹಿಡಿದು ‘ಸ್ಕಾಲರ್‌ಶಿಪ್ ಬಂದಿಲ್ಲ’ ಎಂದು ಅಲೆಯುವವರಿದ್ದಾರೆ.

ನಿಮ್ಮ ಹಣಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಒಂದು ದಿನದ ಓಡಾಟ. ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ (ಪತ್ರದ ಮೇಲಿರುವ ಸಂಖ್ಯೆ, ಬ್ಯಾಂಕಿನ ಆರ್‌ಡಿ ಅಲ್ಲ) ಇದೆಯೇ, ಆಧಾರಿನ ಹೆಸರೂ ಶಾಲೆಯ ಎಸ್‌ಎಟಿಎಸ್ (ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆ) ದಾಖಲೆಯ ಹೆಸರೂ ಒಂದೇ ಇದೆಯೇ ನೋಡಿ. ಒಂದು ಇನಿಷಿಯಲ್ ವ್ಯತ್ಯಾಸಕ್ಕೆ ಎಸ್‌ಎಸ್‌ಪಿಯಲ್ಲಿ (ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್) ಅರ್ಜಿ ನಿಂತುಬಿಡುತ್ತದೆ. ತಂದೆ ಕಟ್ಟಡ ಕೆಲಸಗಾರರಾಗಿದ್ದು ಲೇಬರ್ ಕಾರ್ಡ್ ಇದ್ದರೆ ಕಲ್ಯಾಣ ಮಂಡಳಿಯ ಶೈಕ್ಷಣಿಕ ಸಹಾಯಧನಕ್ಕೂ ಅರ್ಜಿ ಹಾಕಿಸಿ. ಕೇಂದ್ರದ ವಿದ್ಯಾರ್ಥಿವೇತನಕ್ಕಿರುವ ಎನ್‌ಎಂಎಂಎಸ್ ಪರೀಕ್ಷೆ ಎಂಟನೇ ತರಗತಿಯಲ್ಲೇ ಬರೆಯಬೇಕು. ಈಕೆ ಬರೆದಿದ್ದಳೇ ಕೇಳಿ. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಆಕೆಗೆ ತಪ್ಪಿದ್ದರೆ ತಮ್ಮನಿಗೋ ತಂಗಿಗೋ ತಪ್ಪದಿರಲಿ.

ಅಪ್ಪ ಅಮ್ಮ ಮಲೆನಾಡಿನ ಕಾಫಿ ತೋಟಕ್ಕೋ ಬೆಂಗಳೂರಿಗೋ ಗುಳೆ ಹೋಗುವವರಾದರೆ ಹುಡುಗಿಯ ಹಾಜರಿ ಅಲ್ಲೇ ಕುಸಿಯುತ್ತದೆ. ಹಾಗಿದ್ದರೆ ಟ್ಯೂಷನ್ ಬದಿಗಿಟ್ಟು ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್ ಪೂರ್ವ ಹಾಸ್ಟೆಲ್ಲಿಗೆ ವರ್ಷದ ಆರಂಭದಲ್ಲೇ ಅರ್ಜಿ ಹಾಕಿಸಿ.

ಫೋಟೊ ತೆಗೆಸಿ ವಾಟ್ಸ್‌ಆ್ಯಪ್‌ಗೆ ಹಾಕಬೇಡಿ, ಪ್ರಾರ್ಥನೆ ವೇಳೆ ಚೆಕ್ ಕೊಡಬೇಡಿ. ಮರುದಿನದಿಂದ ತರಗತಿಯಲ್ಲಿ ಆಕೆ ‘ದುಡ್ಡು ಇಸ್ಕೊಂಡವಳು’. ಭೇಟಿ ಶಾಲೆಯಲ್ಲೇ, ಶಿಕ್ಷಕರ ಎದುರಿಗೇ ಆಗಲಿ. ಅಂಗಡಿ ಕೆಲಸಕ್ಕೆ, ಮನೆಗೆಲಸಕ್ಕೆ ಕರೆಯುವ ಮಾತಂತೂ ಬೇಡವೇ ಬೇಡ.

ಪ್ರಶ್ನೆ: ಈ ಹಣಕ್ಕೆ ಆದಾಯ ತೆರಿಗೆ ವಿನಾಯಿತಿ ಇದೆಯೇ?

ಉತ್ತರ: ಕುಟುಂಬಕ್ಕೆ ನೇರ ಕೊಟ್ಟರೆ ಇಲ್ಲ. ದಾನಕ್ಕೆ ತೆರಿಗೆ ವಿನಾಯಿತಿ ಕೊಡಿಸುವ ನೋಂದಣಿ (80ಜಿ) ಇರುವ ಟ್ರಸ್ಟಿನ ಮೂಲಕ ಕೊಟ್ಟರೆ ಇದೆ, ಅದೂ ಹಳೇ ತೆರಿಗೆ ಪದ್ಧತಿಯಲ್ಲಿದ್ದರೆ ಮಾತ್ರ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆಗಲೂ ಲೆಕ್ಕಕ್ಕಿಲ್ಲ. ನಿಮ್ಮ ಮೊತ್ತಕ್ಕೆ ಇದಕ್ಕಾಗಿ ತಲೆ ಕೆಡಿಸಿಕೊಳ್ಳುವುದು ದಂಡ.

ಪ್ರಶ್ನೆ: ಫೇಲಾದರೆ ನಿಲ್ಲಿಸಬಹುದೇ?

ಉತ್ತರ: ಷರತ್ತು ಹಾಕುವುದಾದರೆ ಹಾಜರಿಗೆ ಹಾಕಿ, ಅಂಕಕ್ಕೆ ಬೇಡ. ತಿಂಗಳಿಗೊಮ್ಮೆ ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡಿದರೆ ಸಾಕು, ಸಾಲಾಗಿ ನಾಲ್ಕು ದಿನ ಗೈರಾಗಿದ್ದರೆ ಕಾರಣ ಕೇಳಿ. 2024ರಿಂದ ಎಸ್ಸೆಸ್ಸೆಲ್ಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತಿವೆ. ಪರೀಕ್ಷೆ-1ರಲ್ಲಿ ಒಂದೆರಡು ವಿಷಯ ಹೋದರೂ ಮುಂದಿನ ಪರೀಕ್ಷೆಯಲ್ಲಿ ಬರೆದು ಅದೇ ವರ್ಷ ಕಾಲೇಜು ಸೇರಬಹುದು. ಆದರೆ ನೋಂದಣಿಗೆ ಸಿಗುವ ದಿನಗಳು ಕೆಲವೇ, ಬೇಸಿಗೆಯಲ್ಲಿ ಮಗು ಅಜ್ಜಿ ಊರಿನಲ್ಲಿರುತ್ತದೆ. ಫಲಿತಾಂಶ ಬಂದ ಸಂಜೆಯೇ ಮನೆಗೆ ಫೋನ್ ಮಾಡಿ, ಮಾರನೇ ದಿನ ಶಾಲೆಗೆ ಕಳಿಸಿ ಅರ್ಜಿ ತುಂಬಿಸಿ.