ಬೇವಿನ ಎಲೆಯ ಹಸಿರು ಬೂಷ್ಟು ಒಳಗಿನದಾ, ಹೊರಗಿನದಾ?

ವಿಜಯಪುರದ ಬೇವಿನ ಎಲೆ ತುಂಡನ್ನು ಶಿಲೀಂಧ್ರ ಬೆಳೆಸುವ ಲ್ಯಾಬ್ ಪ್ಲೇಟಿಗಿಟ್ಟ ಎರಡೇ ದಿನಕ್ಕೆ ಹಸಿರು ಬೂಷ್ಟು ತುಂಬಿತು, ಇದು ಎಲೆಯೊಳಗೆ ಬದುಕುವ ಶಿಲೀಂಧ್ರವಾ ಅಂತ ಕೇಳಿದ್ದೀರಿ. ನನಗೆ ಅದು ಎಲೆ ಮೇಲಿನ ಧೂಳಿನದೇ ಅನ್ನಿಸುತ್ತೆ. ನಮ್ಮ ಕಡೆ ಬೇಸಿಗೆ ಧೂಳು ಗೊತ್ತಲ್ವಾ! ಮೊದಲು ನಲ್ಲಿ ನೀರಲ್ಲಿ ಚೆನ್ನಾಗಿ ತೊಳೀರಿ, ಆಮೇಲೆ 70% ಆಲ್ಕೋಹಾಲ್, ಸೋಡಿಯಂ ಹೈಪೋಕ್ಲೋರೈಟ್ (ಬ್ಲೀಚ್), ಕೊನೆಗೆ ಸ್ಟೆರೈಲ್ ನೀರು, ಅಂದರೆ ಯಾವ ಸೂಕ್ಷ್ಮಜೀವಿಯೂ ಇಲ್ಲದ ನೀರು. ಆ ಕೊನೆಯ ನೀರು ಚೆಲ್ಲಬೇಡಿ. ಒಂದು ಹನಿ ಬೇರೆ ಪ್ಲೇಟಿಗೆ ಹಾಕಿ, ಅಲ್ಲೂ ಬೂಷ್ಟು ಬಂದರೆ ಎಲೆ ಮೇಲಿನದು ಪೂರ್ತಿ ಹೋಗಿಲ್ಲ ಅಂತ, ಆ ಇಡೀ ಬ್ಯಾಚ್ ಬಿಟ್ಟುಬಿಡಿ. ಬೆಳಗಾವಿಯಲ್ಲಿ ಎಂಎಸ್ಸಿ ಮಾಡುವಾಗ ಇದೊಂದು ಹೆಜ್ಜೆ ಬಿಟ್ಟಿದ್ದಕ್ಕೆ ನನ್ನ ಎರಡು ತಿಂಗಳು ಹೋಯಿತು.

ಸರಿಯಾಗಿ ಮಾಡಿದರೆ ಕೆಲವು ದಿನದ ಮೇಲೆ ತುಂಡಿನ ಕತ್ತರಿಸಿದ ಅಂಚಿನಿಂದ ಒಳಗಿನ ಶಿಲೀಂಧ್ರದ ನೂಲಿನಂಥ ಎಳೆ ಮೆಲ್ಲಗೆ ಹೊರಗೆ ಬರುತ್ತೆ, ಅದರ ತುದಿ ಮಾತ್ರ ಎತ್ತಿ ಹೊಸ ಪ್ಲೇಟಿಗೆ ಹಾಕಿ.

ಗಿಡದೊಳಗಿನ ಇಂಥ ಶಿಲೀಂಧ್ರದಿಂದ ಔಷಧ ನಿಜಕ್ಕೂ ಸಿಗುತ್ತಾ ಅಂದಿರಿ. 1993ರಲ್ಲಿ ಅಮೆರಿಕದ ಯೂ ಮರದೊಳಗಿನ ಶಿಲೀಂಧ್ರದಲ್ಲಿ ಕ್ಯಾನ್ಸರ್ ಔಷಧ ಟ್ಯಾಕ್ಸಾಲ್ ಕಂಡ ವರದಿ ಬಂತು, ಆದರೆ ಅದನ್ನು ಬೆಳೆಸಿದ ದ್ರವದ ಲೀಟರಿಗೆ ನ್ಯಾನೋಗ್ರಾಂ (ಗ್ರಾಂನ ನೂರು ಕೋಟಿಯಲ್ಲೊಂದು ಪಾಲು) ಲೆಕ್ಕದಲ್ಲಿ. ಮತ್ತೆ ಮತ್ತೆ ಪ್ಲೇಟ್ ಬದಲಿಸಿದರೆ ಎಷ್ಟೋ ಶಿಲೀಂಧ್ರಗಳು ಆ ರಾಸಾಯನಿಕ ಮಾಡೋದನ್ನೇ ನಿಲ್ಲಿಸಿಬಿಡುತ್ತವೆ. ಅದಕ್ಕೇ ಶುದ್ಧ ಕಲ್ಚರ್ (ಒಂದೇ ಶಿಲೀಂಧ್ರ ಇರುವ ಬೆಳೆ) ಸಿಕ್ಕ ದಿನವೇ ಅದನ್ನು ಗ್ಲಿಸರಾಲ್‌ನಲ್ಲಿ ಬೆರೆಸಿ ಸ್ಟಾಕ್ ಮಾಡಿ ಡೀಪ್ ಫ್ರೀಜರಿನಲ್ಲಿಡಿ.