ಮನೆ ಮೀಟರ್‌ನಲ್ಲಿ 162, ಲ್ಯಾಬ್‌ನಲ್ಲಿ 145: ಯಾವುದನ್ನು ನಂಬಲಿ?

ನಿಮ್ಮ ತಾಯಿಗೆ ಖಾಲಿ ಹೊಟ್ಟೆಯಲ್ಲಿ ರಕ್ತದ ಸಕ್ಕರೆ ನೋಡುವ ಮನೆ ಮೀಟರ್ 162 ತೋರಿಸಿತು, ಅರ್ಧ ಗಂಟೆ ಬಿಟ್ಟು ಲ್ಯಾಬ್‌ನವರು 145 ಅಂದರು, ಮೀಟರ್ ಬಿಸಾಕಬೇಕಾ ಅಂತ ಕೇಳಿದ್ದೀರಿ. ಬೇಡ. ನಾನು ಮಂಡ್ಯದಲ್ಲಿ ಲ್ಯಾಬ್ ಟೆಕ್ನಿಷಿಯನ್. ವಾರಕ್ಕೊಬ್ಬರಾದರೂ ಇದನ್ನೇ ಕೇಳುತ್ತಾರೆ.

ಮನೆ ಮೀಟರ್‌ಗಳಿಗೆ ಐಎಸ್‌ಒ 15197 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದೆ. 2013ರ ನಿಯಮದಂತೆ ಸಕ್ಕರೆ 100 ದಾಟಿದ್ದರೆ, ನೂರಕ್ಕೆ 95 ಸಲ ಮೀಟರ್ ಲೆಕ್ಕ ಲ್ಯಾಬ್ ಲೆಕ್ಕದಿಂದ ಶೇ. 15ರೊಳಗೆ ಇರಬೇಕು. 145ಕ್ಕೆ ಹಾಕಿ ನೋಡಿ: ಹೆಚ್ಚುಕಡಿಮೆ 123ರಿಂದ 167. ನಿಮ್ಮ 162 ಒಳಗೇ ಬಂತು ಅಲ್ವಾ?

ಮೀಟರ್‌ಗಿಂತ ಅದಕ್ಕೆ ಸಿಕ್ಕಿಸಿ ರಕ್ತದ ಹನಿ ಮುಟ್ಟಿಸುವ ಪಟ್ಟಿಯೇ (ಸ್ಟ್ರಿಪ್) ಜಾಣ. ಅದರ ತುದಿಯಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣ ಸಂದು ಇರುತ್ತದೆ. ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ ಅದು ರಕ್ತವನ್ನು ತಾನೇ ಎಳೆದುಕೊಳ್ಳುತ್ತದೆ, ಪಂಪು ಗಿಂಪು ಬೇಕಿಲ್ಲ. ಒಳಗೆ ಕಿಣ್ವವನ್ನು (ಎಂಜೈಮ್, ರಾಸಾಯನಿಕ ಕ್ರಿಯೆ ಚುರುಕು ಮಾಡುವ ಪ್ರೋಟೀನ್) ಒಣಗಿಸಿ ಬಳಿದಿರುತ್ತಾರೆ, ಬಹಳ ಪಟ್ಟಿಗಳಲ್ಲಿ ಅದು ಗ್ಲುಕೋಸ್ ಆಕ್ಸಿಡೇಸ್. ಗ್ಲುಕೋಸ್, ಅಂದರೆ ರಕ್ತದ ಸಕ್ಕರೆ, ಸಿಕ್ಕಿದರೆ ಅದರಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಎಷ್ಟು ಗ್ಲುಕೋಸೋ ಅಷ್ಟು ಕರೆಂಟು. ಆ ಕರೆಂಟನ್ನೇ ಮೀಟರ್ ನಿಮಗೆ ಅಂಕಿ ಮಾಡಿ ತೋರಿಸುವುದು. ಎಲೆಕ್ಟ್ರೋಡ್ ಮೇಲೆ ಕಿಣ್ವ ಕೂರಿಸುವ ಈ ಉಪಾಯ 1962ರದ್ದು, ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಅವರದ್ದು.

ಎಡವಟ್ಟಾಗುವುದು ಬೆರಳಲ್ಲಿ. ನಮ್ಮ ದೊಡ್ಡಪ್ಪ ಆಲೆಮನೆ ನಡೆಸುತ್ತಿದ್ದರು. ಒಂದು ದಿನ ಕೊಪ್ಪರಿಗೆ ಪಕ್ಕದಿಂದ ಎದ್ದು ಬಂದು ಕೈಯನ್ನು ಪಂಚೆಗೆ ಒರೆಸಿಕೊಂಡು ಬೆರಳು ಕೊಟ್ಟರು. ಮೀಟರ್ 340 ಅಂದಿತು. "ಬೆಳಿಗ್ಗೆಯಿಂದ ಮುದ್ದೆನೂ ಮುಟ್ಟಿಲ್ಲ ಕಣ್ಲಾ ಮಗ, ನಿನ್ ಮಿಷನ್ನೇ ಕೆಟ್ಟೈತೆ" ಅಂತ ರೇಗಿದರು. ಸೋಪು ಹಾಕಿ ಕೈ ತೊಳೆಸಿ, ಒಣಗಿಸಿ, ಬೇರೆ ಬೆರಳು ಚುಚ್ಚಿದೆ. 148!

ಬೆಲ್ಲದಲ್ಲಿ ಜಾಸ್ತಿ ಇರುವುದು ಸುಕ್ರೋಸ್, ಅದನ್ನು ಈ ಕಿಣ್ವ ಮೂಸಿಯೂ ನೋಡಲ್ಲ. ಆದರೆ ಜೊತೆಗೆ ಒಂದಿಷ್ಟು ಗ್ಲುಕೋಸೂ ಇರುತ್ತದೆ. ಸಕ್ಕರೆ 150 (ಅಂದರೆ 100 ಮಿಲಿಲೀಟರ್ ರಕ್ತಕ್ಕೆ 150 ಮಿಲಿಗ್ರಾಮ್) ಇದ್ದಾಗ ಅರ್ಧ ಮೈಕ್ರೋಲೀಟರ್ ರಕ್ತದಲ್ಲಿರುವ ಗ್ಲುಕೋಸ್ ಒಂದು ಮೈಕ್ರೋಗ್ರಾಮೂ ಇಲ್ಲ, ಮುಕ್ಕಾಲು ಅಷ್ಟೇ. ಬೆರಳಿನ ಅಂಟು ಅದನ್ನು ದುಪ್ಪಟ್ಟು ಮಾಡುವುದು ಎಷ್ಟು ಹೊತ್ತಿನ ಕೆಲಸ? ಬಾಳೆಹಣ್ಣು ಸುಲಿದ ಕೈಯೂ ಹಾಗೇ. ಕೈ ಒದ್ದೆ ಇದ್ದರೆ ರಕ್ತ ತೆಳುವಾಗಿ ಸಂಖ್ಯೆ ಇಳಿಯುತ್ತದೆ. ಪಟ್ಟಿಯ ಡಬ್ಬಿಯ ಮುಚ್ಚಳ ತೆರೆದೇ ಇಟ್ಟಿದ್ದರೆ ತೇವಕ್ಕೆ ಕಿಣ್ವವೇ ಹಾಳು.

ಹಾಗಂತ ನಮ್ಮ ಲ್ಯಾಬ್ ಹೇಳಿದ್ದೇ ವೇದವಾಕ್ಯ ಅಂದುಕೊಳ್ಳಬೇಡಿ. ಟ್ಯೂಬ್ ಸೇರಿದ ಮೇಲೂ ರಕ್ತಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ, ಗಂಟೆಗೆ ಶೇ. 5ರಿಂದ 7ರಷ್ಟು. ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಅದನ್ನು ತಡೆಯುತ್ತದೆ, ಆದರೆ ಮೊದಲ ಒಂದೆರಡು ಗಂಟೆ ಪೂರ್ತಿಯಾಗಿ ಅಲ್ಲ. ಬೇರೆ ಊರಿನ ಸೆಂಟರ್‌ನಲ್ಲಿ ತೆಗೆದ ರಕ್ತ ಬೈಕಿನಲ್ಲಿ ಬರುವಷ್ಟರಲ್ಲಿ ಒಂದಷ್ಟು ಇಳಿದಿರಬಹುದು.

ಮುಂದಿನ ಸಲ ಮೀಟರನ್ನು ಲ್ಯಾಬ್‌ಗೇ ತೆಗೆದುಕೊಂಡು ಹೋಗಿ, ಖಾಲಿ ಹೊಟ್ಟೆಯಲ್ಲೇ. ಊಟ ಆದಮೇಲೆ ಹೋದರೆ ಬೆರಳಿನ ರಕ್ತದಲ್ಲಿ ತೋಳಿನ ರಕ್ತನಾಳದ್ದಕ್ಕಿಂತ ಸಕ್ಕರೆ ಜಾಸ್ತಿ ಇರುತ್ತದೆ, ಹೋಲಿಕೆ ಕೆಡುತ್ತದೆ. ಅವರು ತೋಳಿನಿಂದ ರಕ್ತ ಎಳೆದ ತಕ್ಷಣ, ತೊಳೆದ ಬೆರಳಿನಿಂದ ನೀವೂ ಒಂದು ಹನಿ ನೋಡಿ. ಎರಡೂ ಸಂಖ್ಯೆ ಇಲ್ಲಿ ಹಾಕಿ, ಆಮೇಲೆ ಮೀಟರ್ ಬಿಸಾಕುವ ಮಾತು.