ದಮ್ಮಯ್ಯ ಎಂದರೆ ಯಾರು?

ಕಾಸರಗೋಡಿನಲ್ಲಿ ಮಾತುಮಾತಿಗೆ ಕರೆಯಲ್ಪಡುವ ಈ ದಮ್ಮಯ್ಯ ಯಾರು ಎಂದು ಕೇಳಿದ್ದೀರಿ. ಆ ಹೆಸರಿನ ಮನುಷ್ಯ ಯಾರೂ ಇಲ್ಲ. ‘ದಮ್ಮಯ್ಯ’ ಎಂದರೆ ಕೈಮುಗಿದು ಬೇಡಿಕೊಳ್ಳುತ್ತೇನೆ ಎಂದರ್ಥ. ನಮ್ಮಲ್ಲಿ ಮಾತ್ರವಲ್ಲ, ಕರಾವಳಿಯಲ್ಲೂ ಮಲೆನಾಡಿನಲ್ಲೂ ಇದು ಬಳಕೆಯಲ್ಲಿದೆ, ತುಳುವಿನಲ್ಲೂ ಕೇಳಿಸುತ್ತದೆ.

ಸಂಸ್ಕೃತದ ಧರ್ಮ ಪ್ರಾಕೃತದಲ್ಲಿ ಧಮ್ಮ; ಕನ್ನಡದ ಬಾಯಿಗೆ ಬಂದಾಗ ಮಹಾಪ್ರಾಣ ಉದುರಿ ದಮ್ಮ. ಅದಕ್ಕೆ ‘ಅಯ್ಯ’ ಸೇರಿದೆ. ಇಲ್ಲಿ ಧರ್ಮವೆಂದರೆ ಮತವಲ್ಲ, ‘ಧರ್ಮ ಮಾಡಿ ತಾಯೀ’ ಎನ್ನುವಾಗಿನ ಧರ್ಮ. ‘ನಿಮ್ಮ ದಮ್ಮಯ್ಯ’ ಎಂದೂ ಹೇಳುತ್ತೇವಲ್ಲ, ಆ ‘ನಿಮ್ಮ’ವನ್ನು ಗಮನಿಸಿ. ಬೇಡುವವನು ತಾನು ತಗ್ಗುತ್ತಲೇ ಧರ್ಮದ ಹೊರೆಯನ್ನು ಎದುರಿನವರ ಹೆಗಲಿಗೆ ದಾಟಿಸುತ್ತಾನೆ. ಜಾಣ ದೈನ್ಯ!

ಅಯ್ಯ ಇದ್ದರೂ ಇದು ಗಂಡಸರಿಗೆ ಮೀಸಲಲ್ಲ. ಹಟ ಹಿಡಿದ ಮೊಮ್ಮಗಳ ಮುಂದೆ ಅನ್ನದ ಬಟ್ಟಲು ಹಿಡಿದು ಕುಳಿತ ಅಜ್ಜಿಯೂ ‘ದಮ್ಮಯ್ಯ, ಇದೊಂದು ತುತ್ತು ಉಣ್ಣು ಮಾರಾಯ್ತಿ’ ಎನ್ನುತ್ತಾಳೆ. ಬೇಡಿ ಬೇಡಿ ಸುಸ್ತಾದವರು ‘ದಮ್ಮಯ್ಯ ದಕ್ಕಯ್ಯ ಎಂದರೂ ಕೇಳಲಿಲ್ಲ’ ಎಂದು ದೂರುತ್ತಾರೆ. ಈ ದಕ್ಕಯ್ಯ ಒಂಟಿಯಾಗಿ ಎಲ್ಲೂ ಓಡಾಡುವವನಲ್ಲ, ಜೋಡಿಯಾಗಿಯೇ ಬರುತ್ತಾನೆ.

ಇಷ್ಟೆಲ್ಲ ಮನೆಯ, ಅಂಗಳದ ಮಾತು. ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತಿದರೆ ಬೇಡಿಕೆಯ ಭಾಷೆಯೇ ಬೇರೆ. 1956ರ ನವೆಂಬರ್ 1ರಂದು ಕಾಸರಗೋಡಿನ ನಾವು ಕೇರಳಕ್ಕೆ ಸೇರಿದೆವು; ಹಾಗಾಗಿ ಕಚೇರಿಗೆ ಬರೆದುಕೊಡುವ ಬೇಡಿಕೆಗೆ ನಮ್ಮಲ್ಲಿ ಎರಡು ಹೆಸರು. ಕನ್ನಡದಲ್ಲಿ ಅದು ‘ಅರ್ಜಿ’, ಪಾರಸಿಯ ಹಾದಿಯಲ್ಲಿ ಬಂದ ಅರಬ್ಬಿ ಪದ, ಮಲಯಾಳದಲ್ಲಿ ‘ಅಪೇಕ್ಷ’. ನಮಗೆ ಅಪೇಕ್ಷೆಯೆಂದರೆ ಮನಸ್ಸಿನ ಆಸೆ, ಅವರಿಗೆ ಸಹಿ ಹಾಕಿ ಕೊಡಬೇಕಾದ ಕಾಗದ. ಕನ್ನಡದಲ್ಲಿ ಅರ್ಜಿ ಬರೆಯುವ ಹಕ್ಕನ್ನು ಕೇರಳದ 1969ರ ಆಡಳಿತ ಭಾಷಾ ಕಾನೂನೇ ನಮಗೆ ಕೊಟ್ಟಿದೆ. ಆದರೆ ಮೇಜಿನ ಆಚೆ ಕುಳಿತವರಿಗೆ ಕನ್ನಡ ಬಾರದಿದ್ದರೆ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ಪಕ್ಕದಲ್ಲಿ ನಿಂತವರಿಗೆ ‘ದಮ್ಮಯ್ಯ, ಇದನ್ನೊಂದು ಮಲಯಾಳದಲ್ಲಿ ಬರೆದುಕೊಡಿ’ ಎನ್ನಬೇಕಾಗುತ್ತದೆ.

ನೀವು ಇಲ್ಲಿಗೆ ಬಂದಾಗ ಧಾರಾಳವಾಗಿ ಬಳಸಿ. ಒಂದು ಎಚ್ಚರಿಕೆ ಮಾತ್ರ: ಧ್ವನಿ ಸ್ವಲ್ಪ ಏರಿದರೂ ‘ದಮ್ಮಯ್ಯ, ಸುಮ್ಮನಿರು’ ಎಂಬುದು ಬೇಡಿಕೆಯಾಗಿ ಉಳಿಯುವುದಿಲ್ಲ, ಬೈಗುಳವಾಗುತ್ತದೆ.